ತಂಗಿಗಾಗಿ ಹಾಕಿದ ವೀಸಾ ಅರ್ಜಿ

“ಮೇಡಂ, ಹಿಂದೆ ಬೇರೆ ಯಾವ್ದೋ ದೇಶದೋರು ನಿಮಗೆ ವೀಸಾ ಕೊಡ್ಲಿಲ್ವಂತೆ. ಯಾಕೆ ಹೋಗ್ಬೇಕಿತ್ತು ಅಂತ ಕೇಳ್ತಿದ್ದಾರೆ,” ಎಂದಳು ದೇವನಹಳ್ಳಿ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ. ನಾವು ಹೊರಟಿದ್ದ ದೇಶದ ಅಧಿಕಾರಿ ಅವಳ ಫೋನಿನಲ್ಲಿದ್ದ. ಇದು ಅವನಿಗೆ ಹೇಗೆ ಗೊತ್ತಾಯಿತು ಎಂದೆ.

“ಗೌರ್ಮೆಂಟುಗಳು ಒಬ್ರಿಗೊಬ್ರು ಹಂಚ್ಕೋತಾರೆ ಮೇಡಂ.”

ಪಕ್ಕದಲ್ಲೇ ನಮ್ಮ ಯಜಮಾನರಿದ್ದರು. ಸೂಲಿಬೆಲೆ ಕಡೆಯ ಹೂ ಬೆಳೆಗಾರರೆಲ್ಲ ಸೇರಿ ಪ್ರವಾಸ ಹೊರಟಿದ್ದೆವು. ಬೇರೆ ಜಾತಿಯವನನ್ನು ಮದುವೆಯಾದಳೆಂದು ಮನೆಯವರು ದೂರವಿಟ್ಟಿದ್ದ ನನ್ನ ತಂಗಿ ಆ ಪರದೇಶದಲ್ಲಿ ಕಾಯಿಲೆ ಬಿದ್ದಾಗ, ನೋಡಿ ಬರಲು ಯಜಮಾನರಿಗೂ ಹೇಳದೆ ಗುಟ್ಟಾಗಿ ಅರ್ಜಿ ಹಾಕಿದ್ದೆ. ವೀಸಾ ಸಿಗಲಿಲ್ಲ. ಅವಳು ತೀರಿಕೊಂಡಳು. ಅದನ್ನೆಲ್ಲ ಈಗ ಊರವರ ಮುಂದೆ ಹೇಳಬೇಕಾಯಿತು. ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಫೋನಿಗೆ ಒಪ್ಪಿಸಿದಳು. ಕೊನೆಗೆ ಹೋಗಬಹುದು ಎಂದರು.

ವಿಮಾನದಲ್ಲಿ ಕೂತು ಯಜಮಾನರು ಬೆಲ್ಟ್ ಹಾಕಿಕೊಂಡರು. ಆಮೇಲೆ ಮೆಲ್ಲಗೆ, “ನನ್ ಹತ್ರ ಹೇಳಿದ್ರೆ ಬೇಡ ಅಂತಿದ್ನೇನೇ?” ಎಂದರು. ಬೇಡ ಅಂತಲೇ ಅನ್ನುತ್ತಿದ್ದರು. ಅದು ಇಬ್ಬರಿಗೂ ಗೊತ್ತಿತ್ತು.

ಎಂದಾದರೂ ಒಂದು ದಿನ ನಾನೇ ಅವರನ್ನು ಕೂರಿಸಿಕೊಂಡು ಹೇಳಬೇಕೆಂದಿದ್ದ ಮಾತದು. ನಾನು ಕಂಡೇ ಇರದ ಯಾವುದೋ ಕಚೇರಿ ಅದನ್ನು ನನ್ನ ಬಾಯಿಂದ ಹೊರಡಿಸಿತು. ನೆನೆಸಿಕೊಂಡರೆ ಈಗ ಕೋಪವೂ ಬರುವುದಿಲ್ಲ, ಸುಸ್ತಾಗುತ್ತದೆ.