ನೀರು ಬರದ ಬೋರ್‌ವೆಲ್ ಮುಚ್ಚಿಸಿದ್ದು

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ವರ್ಷ ಹೂಮಳೆ ಕೈಕೊಟ್ಟಿತು. ಬೆಳಗೋಡಿನಾಚೆ ನಮ್ಮದೊಂದು ಪುಟ್ಟ ಕಾಫಿ ತೋಟ. ಮೊಗ್ಗುಗಳು ಅರಳದೆ ಗಿಡದಲ್ಲೇ ಕಂದಿಹೋದವು. ನಮ್ಮ ಯಜಮಾನರು ಹಠ ಹಿಡಿದು ಬೋರ್‌ವೆಲ್ ಕೊರೆಸಿದರು. ಕೊರೆಯುವ ಲಾರಿ ಇಡೀ ದಿನ ಗುಡುಗಿದರೂ ಮೇಲೆ ಬಂದದ್ದು ಬರೀ ಬಿಳಿ ಕಲ್ಲಿನ ಪುಡಿ. ಸುತ್ತಲಿನ ಗಿಡಗಳೆಲ್ಲ ಹಿಟ್ಟು ಚೆಲ್ಲಿದ ಹಾಗಾದವು. ಮಣ್ಣು ಕುಸಿಯದಂತೆ ಬಾಯಿಗೆ ಇಳಿಸಿದ್ದ ಕೇಸಿಂಗ್ ಪೈಪನ್ನು ಲಾರಿಯವರು ಕಿತ್ತುಕೊಂಡು ಹೊರಟರು. ಇವರು ಗುಂಡಿಯ ಬಾಯಿಗೆ ಗೋಣಿಚೀಲ ತುರುಕಿ, ಮೇಲೊಂದು ಚಪ್ಪಡಿ ಎಳೆದರು. ಬರುವ ವರ್ಷ ಇನ್ನೂ ಆಳಕ್ಕೆ ಇಳಿಸೋಣ ಅಂದರು. ಆ ವರ್ಷ ಬರುವಷ್ಟರಲ್ಲಿ ಅವರೇ ಇರಲಿಲ್ಲ. ಎದೆನೋವು ಎಂದು ಜಗಲಿಯಲ್ಲಿ ಕೂತವರು ಏಳಲಿಲ್ಲ.

ನಮಗೆ ಮಕ್ಕಳಿರಲಿಲ್ಲ. ತೋಟ ನಾನೇ ನೋಡಿಕೊಂಡೆ. ಆ ಮೂಲೆಗೆ ಮಾತ್ರ ಹೋಗುತ್ತಿರಲಿಲ್ಲ. ಅಲ್ಲಿ ಲಂಟಾನ ಹಬ್ಬಿತು, ದರಗೆಲೆ ಬಿತ್ತು, ಗೋಣಿಚೀಲ ಕೊಳೆಯಿತು. ಕಾಡುಹಂದಿಗಳು ಕೆದಕಿ ಚಪ್ಪಡಿ ಪಕ್ಕಕ್ಕೆ ಜಾರಿದ್ದು ಯಾರಿಗೂ ಗೊತ್ತಾಗಲಿಲ್ಲ.

ಒಂದು ಕುಯ್ಲಿನಲ್ಲಿ, ಹಣ್ಣು ಕುಯ್ಯುತ್ತಿದ್ದ ಹೆಂಗಸೊಬ್ಬಳ ಕಾಲು ತೊಡೆಯವರೆಗೂ ಆ ಗುಂಡಿಯೊಳಗೆ ಹೋಗಿಬಿಟ್ಟಿತು. ಉಳಿದವರು ತೋಳು ಹಿಡಿದು ಎತ್ತಿದರು. ಮೂಳೆ ಮುರಿದಿರಲಿಲ್ಲ, ಚರ್ಮ ಉದ್ದಕ್ಕೂ ಸುಲಿದಿತ್ತು. ನಾನೇ ಗಾಯ ತೊಳೆದು ಬಟ್ಟೆ ಕಟ್ಟಿದೆ. ಅವಳು ನನ್ನನ್ನು ಬೈಯಲಿಲ್ಲ.

“ಅಮ್ಮ, ಕಾಲಿಗೆ ತಳಾನೇ ಸಿಗ್ಲಿಲ್ಲ ಕಣಮ್ಮ. ತಣ್ಣಗೆ ಗಾಳಿ ಬತ್ತಿತ್ತು” ಅಂದಳು.

ಅದನ್ನು ಮುಚ್ಚಿಸಲೇಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಇವರು ಹೋದ ಮೇಲೂ ಹಬ್ಬಕ್ಕೆ ತಪ್ಪದೆ ಬರುತ್ತಿದ್ದ ಮೈದುನ ಸುದ್ದಿ ತಿಳಿದು ಬಂದ. ಅಣ್ಣ ತಮ್ಮ ಬಹಳ ಹಚ್ಚಿಕೊಂಡಿದ್ದವರು. ಮೊದಲು ಅದೂ ಇದೂ ಮಾತಾಡಿ, ಕೊನೆಗೆ ಹೇಳಿದ:

“ಅತ್ತಿಗೆ, ಅಣ್ಣ ಆಸೆಪಟ್ಟು ತೋಡ್ಸಿದ್ದು. ಇನ್ನೊಂದ್ ಚೂರು ಇಳಿಸಿದ್ರೆ ನೀರು ಐತೆ. ಮುಚ್ಬುಟ್ರೆ ಮುಗ್ದೋಯ್ತು.”

“ಮುಗ್ದು ಭಾಳ ದಿನ ಆಯ್ತು ಕಣಪ್ಪ” ಅಂದೆ.

ಅವನು ಕಾಫಿ ಕುಡಿಯದೆ ಎದ್ದು ಹೋದ.

ದಪ್ಪ ಕಲ್ಲು ಹಾಕಿದರೆ ನಡುವೆ ಸಿಕ್ಕಿಕೊಂಡು ಕೆಳಗೆಲ್ಲ ಟೊಳ್ಳು ಉಳಿಯುತ್ತದೆ ಎಂದು ಊರಿನವರು ಹೇಳಿದ್ದರಿಂದ ಸಣ್ಣ ಜಲ್ಲಿ, ಮರಳು ತರಿಸಿದೆ. ಗಾಯ ಮಾಗಿದ ಮೇಲೆ ಆ ಹೆಂಗಸು ಕರೆಯದೆಯೇ ಬಂದಳು. ಇಬ್ಬರೂ ಬಾಂಡಲಿಯಲ್ಲಿ ತುಂಬಿ ತುಂಬಿ ನಿಧಾನಕ್ಕೆ ಸುರಿದೆವು. ಮೊದಮೊದಲು ಸುರಿದು ಎಷ್ಟೋ ಹೊತ್ತಾದ ಮೇಲೆ ಪಾತಾಳದಿಂದೆಂಬಂತೆ ಸದ್ದು ಕೇಳುತ್ತಿತ್ತು. ದಿನಗಳು ಕಳೆದಂತೆ ಸದ್ದು ಹತ್ತಿರವಾಯಿತು. ಒಂದು ಸಂಜೆ ಅದು ಕಾಲ ಬುಡದಲ್ಲೇ ಕೇಳಿದಾಗ ನನಗೆ ತಡೆಯಲಾರದಷ್ಟು ಅಳು ಬಂತು. ಇವರು ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಅವಳು ನನ್ನ ಕೈಯಿಂದ ಬಾಂಡಲಿ ತೆಗೆದುಕೊಂಡು, ನೆರಳಿಗೆ ಹೋಗಿ ಕೂತ್ಕೊಳ್ಳಿ ಅಂದಳು. ಉಳಿದದ್ದನ್ನು ತಾನೇ ತುಂಬಿ, ಮೇಲೆ ಜೇಡಿಮಣ್ಣು ಹಾಕಿ ತುಳಿದಳು.

ಆ ಮಳೆಗಾಲದಲ್ಲಿ ಮಣ್ಣು ಗೇಣುದ್ದ ಕುಸಿಯಿತು. ಒಬ್ಬಳೇ ಮಣ್ಣು ಹೊತ್ತು ಹೋಗಿ ತುಂಬಿಸಿದೆ. ಮರುವರ್ಷವೂ ಸ್ವಲ್ಪ ಕುಸಿದು, ಆಮೇಲೆ ನಿಂತಿತು. ಮೈದುನ ಹಬ್ಬಕ್ಕೆ ಬರುವುದನ್ನು ಬಿಟ್ಟ. ಹೇಳಿ ಕಳಿಸಿದರೆ ಕೆಲಸ ಇದೆ ಅನ್ನುತ್ತಿದ್ದ. ಒಬ್ಬಳಿಗೇ ಹಬ್ಬದಡುಗೆ ಮಾಡುವ ಅಳತೆ ನನಗೆ ಬಹಳ ಕಾಲ ಸಿಗಲಿಲ್ಲ, ಕಡುಬು ಉಳಿದುಹೋಗುತ್ತಿತ್ತು.