ಅಣ್ಣ ವಿಮಾನದಲ್ಲಿ ಬರುತ್ತೇನೆಂದಿದ್ದ

ದೂರದವರ ಸ್ವರ ಕೇಳಿತು, ಇಲ್ಲದವರು ಕಂಡರು ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವವಳು. ಕೆಲಸವಿಲ್ಲದವರ ಮಾತು ಎಂದು ಮುಖಕ್ಕೇ ಹೇಳಿದ್ದೂ ಉಂಟು. ಈಗ ನಾನೇ ಹೇಳಲು ಕೂತಿದ್ದೇನೆ. ನಂಬಿ ಎಂದು ನಿಮ್ಮ ಕಾಲು ಹಿಡಿಯುವುದಿಲ್ಲ. ನನಗೇ ಪೂರ್ತಿ ನಂಬಿಕೆ ಬಂದಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ಜಡಿಮಳೆಯ ಆಟಿ ತಿಂಗಳು. ನಾವು ಕರಾವಳಿಯ ಬೊಕ್ಕಪಟ್ಣದ ಮೀನುಗಾರರು. ಅಮ್ಮ ಹಾಸಿಗೆ ಹಿಡಿದು ಅನ್ನ ಬಿಟ್ಟಿದ್ದಳು. ಅಣ್ಣ ಬೊಂಬಾಯಿಯಲ್ಲಿ, ಒಂದು ವಿಮಾನ ಕಂಪೆನಿಯ ಆಫೀಸಿನಲ್ಲಿದ್ದ. ಮಳೆಗಾಲದಲ್ಲಿ ಸ್ಟೀಮರ್ ಇಲ್ಲ. ಮದ್ರಾಸು ಸುತ್ತಿ ರೈಲಿನಲ್ಲಿ ಬರುವವರೆಗೆ ಅಮ್ಮ ಉಳಿಯುವಳೆಂಬ ಧೈರ್ಯ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಅಣ್ಣನ ತಂತಿ ಬಂತು, ನಾಳೆ ವಿಮಾನದಲ್ಲಿ ಹೊರಡುತ್ತೇನೆ ಎಂದು. ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನ ಕಳೆಯುವಾಗ ಮದ್ರಾಸು, ಅಲ್ಲಿ ರೈಲು ಹಿಡಿದರೆ ಮರುದಿನ ಮನೆ.

ಅಮ್ಮನಿಗೆ ಈ ಲೆಕ್ಕ ತಲೆಗೆ ಹೋಗಲಿಲ್ಲ. ದೋಣಿಯವರ ಮನೆಯಲ್ಲಿ ಹುಟ್ಟಿದವಳು. ಕಡಲ ದಡ ಹಿಡಿದು ನೇರ ತೆಂಕಕ್ಕೆ ಬಂದರೆ ಊರು, ಅಷ್ಟೇ ಅವಳಿಗೆ ಗೊತ್ತು. "ಗಾಳಿಯಲ್ಲಿ ಬರುವವನಿಗೆ ಮದ್ರಾಸಿನಲ್ಲಿ ಎಂತ ಕೆಲಸ?" ಎಂದಳು. ಇಲ್ಲಿ ವಿಮಾನ ಇಳಿಯುವ ಜಾಗ ಇಲ್ಲ ಎಂದದ್ದಕ್ಕೆ, ಇಷ್ಟುದ್ದ ಹೊಯಿಗೆಯ ದಂಡೆ ಉಂಟಲ್ಲ ಎಂದು ನಮ್ಮನ್ನೇ ಗದರಿಸಿದಳು. ಮಗನ ಕೈಯ ನೀರು ಬಾಯಿಗೆ ಬೀಳದೆ ಹೋಗುವುದಿಲ್ಲ ಎಂದು ಹಟ ಹಿಡಿದು, ಆ ಗಳಿಗೆಯಿಂದ ನನ್ನ ಕೈಯ ನೀರನ್ನೂ ಬಿಟ್ಟಳು. ವರ್ಷಗಟ್ಟಲೆ ಅವಳ ಮೈ ಒರೆಸಿದವಳು ನಾನು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ?

ಮರುದಿನ ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತ್ತು. ಅಣ್ಣ ಇನ್ನೂ ಮದ್ರಾಸಿಗೇ ಮುಟ್ಟಿರಲಿಕ್ಕಿಲ್ಲ. ನಾನು ಅಮ್ಮನ ಹತ್ತಿರ, ಆರೈಕೆಗೆಂದು ಬಂದಿದ್ದ ದೊಡ್ಡಮ್ಮ ಅಡುಗೆಮನೆಯಲ್ಲಿ. ಆಗ ಜಗಲಿಯಿಂದ ಅಣ್ಣನ ಸ್ವರ ಕೇಳಿತು.

"ಅಮ್ಮ, ಬಂದೆ."

ದೊಡ್ಡಮ್ಮನಿಗೂ ಕೇಳಿತ್ತು. ಬಂದವನ ಕಾಲು ತೊಳೆಯಲು ಚೆಂಬಿನಲ್ಲಿ ನೀರು ಹಿಡಿದುಕೊಂಡು ಹೊರಗೆ ಹೋದರು. ಅಮ್ಮ ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದಳು. ನನಗೆ ಎಂತ ತೋಚಿತೋ, ಲೋಟ ಎತ್ತಿ ನಾನೇ ನೀರು ಬಿಟ್ಟೆ. ನಿಧಾನಕ್ಕೆ ಕುಡಿದಳು. ಅಂಥ ಸಮಾಧಾನ ಆ ಮುಖದಲ್ಲಿ ನನಗಾಗಿ ಒಮ್ಮೆಯೂ ಮೂಡಿದ್ದಿಲ್ಲ. ಹಾಗೆಯೇ ಪ್ರಾಣ ಹೋಯಿತು. ದೊಡ್ಡಮ್ಮ ತುಂಬಿದ ಚೆಂಬನ್ನು ವಾಪಸು ತಂದರು. ಜಗಲಿಯಲ್ಲಿ ಯಾರೂ ಇರಲಿಲ್ಲ, ಒದ್ದೆ ಅಂಗಳದಲ್ಲಿ ಹೆಜ್ಜೆಯೂ ಇರಲಿಲ್ಲ.

ಅಣ್ಣ ಬಂದದ್ದು ಉತ್ತರಕ್ರಿಯೆಯ ಹಿಂದಿನ ದಿನ, ರೈಲಿನಲ್ಲಿ. ಅವತ್ತು ವಿಮಾನ ಹೊರಟಿತ್ತಂತೆ, ಹೊತ್ತಿಗೆ ಸರಿಯಾಗಿ ಮದ್ರಾಸಿಗೂ ಮುಟ್ಟಿತಂತೆ. ಇವನ ಸೀಟು ಮಾತ್ರ ಇವನ ಆಫೀಸಿನ ದೊರೆಗೆ ಬೇಕಾಯಿತು. ಕೇಳಿದ ಕೂಡಲೇ ಬಿಟ್ಟುಕೊಟ್ಟ. ಆ ದೊರೆ ಮರಳುವವರೆಗೆ ರಜೆಯೂ ಸಿಗಲಿಲ್ಲವಂತೆ. ಮೇಲಿನವರ ಮಾತು ತೆಗೆದುಹಾಕಲಿಕ್ಕೆ ಆಗ್ತದಾ ಎಂದು ನನಗೇ ಬುದ್ಧಿ ಹೇಳಿದ. ಬಡ್ತಿಯ ಆಸೆ ಎಂದು ನಾನು ಬಾಯಿ ಬಿಟ್ಟು ಹೇಳಲಿಲ್ಲ.

ಊಟಕ್ಕೆ ಕೂತವನು ತಲೆ ಎತ್ತದೆ ಕೇಳಿದ, "ಅಮ್ಮ ನನ್ನನ್ನು ಕೇಳಿದಳಾ?"

"ಕೇಳಿದಳು. ನೀನು ಬಂದೆ. ಆಮೇಲೆ ನೀರು ಕುಡಿದು ಹೋದಳು" ಎಂದೆ.

ಕುಟುಕುತ್ತಿದ್ದೇನೆಂದು ತಿಳಿದ. ಅರ್ಧ ಊಟ ಬಿಟ್ಟು ಎದ್ದ. ಅಂದಿನಿಂದ ನಮಗೆ ಮಾತಿಲ್ಲ. ನಾನು ಹೇಳಿದ್ದು ಆದದ್ದನ್ನೇ. ಆ ಸ್ವರ ಯಾರದೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಯಾರದೇ ಇರಲಿ, ಅಮ್ಮನಿಗೆ ಬೇಕಾದ ಹೊತ್ತಿಗೆ ಬಂದದ್ದು ಅದು, ಅಣ್ಣ ಅಲ್ಲ.