ಮುಖ ಕೊಟ್ಟ ಹುಡುಗಿ

ರಾಣೇಬೆನ್ನೂರಿನ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ನನಗೆ ಮಕ್ಕಳ ಮುಖ ಬರೆಯುವುದೇನೂ ಹೊಸದಲ್ಲ. ಆದರೆ ಈಗ ಯಾರ ಮುಖ ಬರೆದರೂ ಕಣ್ಣುಗಳು ಮಾತ್ರ ಬ್ಯಾಡಗಿಯ ಆ ಹುಡುಗಿಯವೇ ಆಗುತ್ತವೆ. ಬೋರ್ಡಿನ ಮೇಲೆ ಸುಮ್ಮನೆ ಗೀಚಿದರೂ ಆಕೆಯೇ ನನ್ನನ್ನು ನೋಡುತ್ತಾಳೆ. ಗಡಬಡಿಸಿ ಒರೆಸಿಬಿಡುತ್ತೇನೆ.

ಹಾವೇರಿಯ ಆಸ್ಪತ್ರೆಯೊಂದರಲ್ಲಿ ಮಕ್ಕಳ ಡಾಕ್ಟರಾಗಿರುವವನು ನನ್ನ ಹಳೆಯ ಗೆಳೆಯ. ಹೃದಯದಲ್ಲಿ ತೂತಿರುವ ಮಕ್ಕಳನ್ನು ಆಪರೇಷನ್ನಿಗೆ ಹುಬ್ಬಳ್ಳಿಗೆ ಕಳಿಸಬೇಕು ಎಂದೊಡನೆ ತಂದೆ-ತಾಯಿ ಕೂಸನ್ನು ಎತ್ತಿಕೊಂಡು ಊರಿನ ಬಸ್ಸು ಹತ್ತಿಬಿಡುತ್ತಿದ್ದರು. "ನಾ ಹೇಳಿದ್ದು ಅವರ ತಲಿಗೆ ಹೋಗವಲ್ದಪಾ. ನೀ ಚಿತ್ರದಾಗ ಹೇಳು" ಎಂದ. ಸೂಜಿ, ನಿದ್ದೆ ಬರಿಸುವ ಔಷಧ, ಎಚ್ಚರಾದಾಗ ಮೂಗಿನಲ್ಲಿರುವ ಪೈಪು, ಎಲ್ಲವನ್ನೂ ಒಬ್ಬ ಹುಡುಗಿಯ ಚಿತ್ರಕಥೆಯಾಗಿ ಬರೆಯಲು ಕೂತೆ. ಹುಡುಗಿಯ ಮುಖ ಮಾತ್ರ ಹೊಳೆಯಲೊಲ್ಲದು.

ಆಗ ಗೆಳೆಯನ ವಾರ್ಡಿನಲ್ಲಿ ಸಿಕ್ಕವಳು ಆಕೆ. ತಾಯಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು. ಮಗಳಿಗೂ ಅದೇ ಆಪರೇಷನ್ ಆಗಬೇಕಿತ್ತು. ಆಕೆಯನ್ನೇ ಎದುರಿಗೆ ಕೂರಿಸಿಕೊಂಡು ಮುಖ ಬರೆದೆ. ಬಾಯಿ ಅಂದರೆ ಬಾಯಿ ಆ ಹುಡುಗಿಯದು! "ಮೂಗು ಇಷ್ಟು ದಪ್ಪ ಮಾಡೀರಲ್ರೀ ಸರ್, ಕನ್ನಡ್ಯಾಗ ನಿಮ್ಮ ಮೂಗು ನೋಡ್ಕೊಂಡು ಬರದೀರೇನು?" ಎಂದಾಗ ವಾರ್ಡೆಲ್ಲ ನಕ್ಕಿತು. ತಾಯಿ ನಗಲಿಲ್ಲ. ಮಗಳ ಕಣ್ಣಿನ ಕಾಡಿಗೆಯನ್ನು ಬೆರಳಿಗೆ ಹಚ್ಚಿಕೊಂಡು ನನ್ನ ಚಿತ್ರದ ಕೆನ್ನೆಗೆ ಒತ್ತಿಯೇಬಿಟ್ಟಳು. "ಮಂದಿ ಎಲ್ಲಾ ನೋಡೂ ಚಿತ್ರ ಐತ್ರಿ. ಕೂಸಿಗೆ ನದರ ಆಗಬಾರದು." ನನಗೆ ಸಿಟ್ಟು ನೆತ್ತಿಗೇರಿತು. ದಿನವಿಡೀ ಕೂತು ಬರೆದ ಮುಖ ಅದು! ಆದರೆ ಹುಡುಗಿ ದೃಷ್ಟಿಬೊಟ್ಟು ಇರಲಿ ಎಂದು ಹಟ ಹಿಡಿದಳು. ಬೊಟ್ಟಿನ ಸಮೇತವೇ ಪುಸ್ತಕ ಅಚ್ಚಾಯಿತು.

ಆ ಪುಸ್ತಕ ಓದಿಕೊಂಡೇ ಆಕೆ ಹುಬ್ಬಳ್ಳಿಗೆ ಹೋದಳು. ಆಪರೇಷನ್ ಸುಸೂತ್ರವಾಯಿತು ಎಂದು ಗೆಳೆಯ ಫೋನ್ ಮಾಡಿದ. ಮರುವಾರ, ಸೋಂಕು ತಗುಲಿ ಹೋಗಿಬಿಟ್ಟಳು ಎಂದು ಮತ್ತೆ ಅವನೇ ಫೋನ್ ಮಾಡಿದ.

ಓಣಿಯವರು ತಾಯಿಗೆ ಅಂದರಂತೆ: "ಊರ ಮಂದಿ ಕೈಯಾಗ ಕೂಸಿನ ಮುಖ ಕೊಟ್ಟಿ. ನದರ ಆಗದ ಇರತೈತೇನು?" ಇಂಥದ್ದನ್ನೆಲ್ಲ ನಂಬುವವನಲ್ಲ ನಾನು. ಆದರೂ ಆ ಮಾತು ಕಿವಿಗೆ ಬಿದ್ದ ಮೇಲೆ ಅನ್ನ ಸೇರಲಿಲ್ಲ, ಹೆದರಿಕೆಯಾಯಿತು. ಪುಸ್ತಕಗಳನ್ನೆಲ್ಲ ವಾಪಸ್ ಕೊಡು, ಬೇರೆ ಮುಖ ಬರೆದುಕೊಡುತ್ತೇನೆ ಎಂದು ಗೆಳೆಯನಿಗೆ ಹೇಳಿದೆ.

ಸುದ್ದಿ ತಿಳಿದು ಆ ತಾಯಿ ನಮ್ಮ ಮನೆಗೇ ಬಂದಳು. "ಬ್ಯಾರೆ ಕೂಸಿನ ಮುಖ ಯಾಕ್ರಿ? ನದರ ಆಗೂದಿದ್ರ ನನ್ನ ಮಗಳಿಗೇ ಆಗ್ಲಿ. ಇನ್ನ ಆಕಿಗೇನೂ ಆಗೂದಿಲ್ಲ." ನನ್ನ ಹೆಂಡತಿ ಚಹಾದ ಕಪ್ಪು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. ಪುಸ್ತಕ ಹಾಗೆಯೇ ವಾರ್ಡಿನಲ್ಲಿ ಉಳಿಯಿತು.

ಅಲ್ಲಿಂದಾಚೆಗೆ ಕೆಲಸವಿಲ್ಲದ ದಿನ ಆ ತಾಯಿ ಹಾವೇರಿಗೆ ಬರುತ್ತಾಳೆ. ಹೆದರಿ ಕೂತ ಮಕ್ಕಳ ಪಕ್ಕ ಕುಳಿತು ಪುಸ್ತಕ ಬಿಡಿಸಿ ತೋರಿಸುತ್ತಾಳೆ. ಚಿತ್ರದಲ್ಲಿರುವುದು ತನ್ನ ಮಗಳೆಂದು ಯಾರಿಗೂ ಹೇಳುವುದಿಲ್ಲ. "ಇಲ್ಲಿ ಸೂಜಿ ಚುಚ್ತಾರ" ಎನ್ನುತ್ತ ಚಿತ್ರದ ಕೈಯನ್ನು ಬೆರಳಿನಿಂದ ಸವರುತ್ತಲೇ ಇರುತ್ತಾಳೆ. ನನಗೆ ನೋಡಲಾಗುವುದಿಲ್ಲ.

ಹೋದ ತಿಂಗಳು ನಾನು ಅಲ್ಲಿಗೆ ಹೋದಾಗ ಗುತ್ತಲದ ರೈತನೊಬ್ಬ ಪುಟ್ಟ ಮಗಳನ್ನು ಕರೆತಂದಿದ್ದ. ಹುಬ್ಬಳ್ಳಿ ಎಂದೊಡನೆ ಕೂಸು ಮಂಚದ ಸರಳು ಹಿಡಿದು ಚೀರಿತು. ಅಪ್ಪ ಚೀಲ ಕಟ್ಟತೊಡಗಿದ. ಬ್ಯಾಡಗಿಯ ತಾಯಿ ಪಕ್ಕದಲ್ಲಿ ಕೂತು ಒಂದೊಂದೇ ಪುಟ ತಿರುವಿದಳು. ಅಳು ನಿಂತಿತು. ಕೊನೆಯ ಪುಟದಲ್ಲಿ ಹುಡುಗಿ ಪಾಟಿಚೀಲ ಹಾಕಿಕೊಂಡು ನಗುತ್ತ ಶಾಲೆಗೆ ಹೊರಟಿದ್ದಾಳೆ.

"ಈಕಿಗೆ ಖರೇನ ಆರಾಮ ಆತೇನು?" ಎಂದು ಕೂಸು ಕೇಳಿತು.

ಅಪ್ಪ ಚೀಲ ಬಿಟ್ಟು ನಮ್ಮತ್ತ ನೋಡಿದ. ಇಲ್ಲ ಎಂದರೆ ಅವರು ಈಗಲೇ ಗುತ್ತಲದ ಬಸ್ಸು ಹತ್ತುವವರು.

"ಆತು. ಸಾಲಿಗೆ ಹೊಂಟಾಳ ನೋಡು" ಎಂದಳು ತಾಯಿ.

"ಯಾವ ಸಾಲಿಗೆ?"

"ಭಾಳ ದೂರ ಐತಿ ಅದು."

"ಹಂಗಾರ ಆಪರೇಷನ್ ಆದ ಮ್ಯಾಲೆ ನಾನೂ ಅದೇ ಸಾಲಿಗೆ ಹೋಗ್ತೀನಿ."

ತಾಯಿ ಆ ಕೂಸನ್ನು ಎಳೆದು ಎದೆಗೆ ಅವುಚಿಕೊಂಡಳು. "ಬ್ಯಾಡ! ನೀ ನಿಮ್ಮೂರ ಸಾಲಿಗೇ ಹೋಗಬೇಕು. ನಿಮ್ಮೂರ ಸಾಲಿಗೇ."